ಖೇಣಿ ಮನೆಯಲ್ಲಿ ಕೂತು ನೋಡಿದವರು

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ. ಅಡಿಕೆ ಕೊಯ್ಲಿನ ಕಾಲ. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಬಹುಕಾಲ ಖೇಣಿ (ತೋಟದ ಫಸಲಿನ ಗುತ್ತಿಗೆ) ಹಿಡಿದು, ಈಗ ವ್ಯವಹಾರ ಮಗನಿಗೆ ಬಿಟ್ಟಿರುವ ದೊಡ್ಡಪ್ಪ. ಇನ್ನೊಬ್ಬಳು ಸಮಾಜಶಾಸ್ತ್ರ ಓದಿ ಬೆಂಗಳೂರಿನ ಕಂಪನಿಯೊಂದರಲ್ಲಿ ಸಂಶೋಧಕಿಯಾಗಿರುವ ಅವರ ತಮ್ಮನ ಮಗಳು. ಸಣ್ಣ ಬೆಳೆಗಾರರಿಗೆಂದು ಅಡಿಕೆ ಸುಲಿಯುವ ಹೊಸ ಯಂತ್ರ ತಯಾರಿಸಲು ಹೊರಟಿರುವ ಕಂಪನಿ, ಇಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ನೋಡಿ ಬರಲು ಅವಳನ್ನು ಕಳಿಸಿದೆ.

ದೊಡ್ಡಪ್ಪ: ಸಂಜೆಯಿಂದ ನೀನು ಆ ಸುಲಿಯೋ ಹೆಂಗಸರ ಪಕ್ಕ ಕೂತಿದ್ದೆ. ಒಂದು ಪ್ರಶ್ನೆ ಕೇಳಿದ್ದು ನಾ ಕಾಣಲಿಲ್ಲ. ಇದೂ ಒಂದು ಕೆಲಸನೇನವ್ವಾ? ನನ್ನ ಕೇಳಿದ್ರೆ ಅರ್ಧ ಗಂಟೆಯಾಗೆ ಎಲ್ಲಾ ಹೇಳ್ತಿದ್ದೆ.

ಮಗಳು: ನಿಮ್ಮನ್ನೂ ಕೇಳೋದಿದೆ ದೊಡ್ಡಪ್ಪ. ಆದ್ರೆ ಸುಲಿಯೋದು ಅವರ ಕೈ. ಅವರನ್ನೇ ಕೇಳಿದ್ರೂ "ಅದ್ರಾಗೇನೈತೆ, ಸುಲಿಯೋದು ಅಷ್ಟೇ" ಅಂತಾರೆ. ಅದಕ್ಕೇ ಸುಮ್ಮನೆ ಕೂತು ನೋಡಿದೆ.

ದೊಡ್ಡಪ್ಪ: ಏನ್ ಕಂಡೆ ಹಂಗಾದ್ರೆ?

ಮಗಳು: ಆ ಮೂಲೆಯಲ್ಲಿ ಕೂತಿದ್ದ ವಯಸ್ಸಾದವರ ಕೈ ನೋಡ್ತಿದ್ದೆ. ಕಾಯನ್ನ ಮೆಟ್ಟುಗತ್ತಿಗೆ ಒತ್ತೋ ಮುಂಚೆ ಹೆಬ್ಬೆರಳಲ್ಲಿ ಒಂದ್ಸಲ ಸವರ್ತಾರೆ. ಎಳೇದಾದ್ರೆ ಒಂದು ಬುಟ್ಟಿ, ಬಲಿತಿದ್ರೆ ಇನ್ನೊಂದು. ಹಣ್ಣಾಗಿದ್ರೆ ಸುಲಿಯೋದೇ ಇಲ್ಲ, ಗೋಟಿಗೆ ಅಂತ ಪಕ್ಕಕ್ಕೆ ಎಸೀತಾರೆ. ಕಾಯಿ ಕಡೆ ಕಣ್ಣೇ ಇಲ್ಲ, ಪಕ್ಕದವರ ಜತೆ ಮಾತು ನಡೆದೇ ಇದೆ. ಕಂಪನಿಯವರು ನನ್ನ ಕೈಗೆ ಕೊಟ್ಟ ಪ್ರಶ್ನೆ ಏನು ಗೊತ್ತಾ? ಒಬ್ಬರು ಗಂಟೆಗೆ ಎಷ್ಟು ಕೆಜಿ ಸುಲೀತಾರೆ ಅಂತ. ಇಲ್ಲಿ ನೋಡಿದ್ರೆ ಸುಲಿಯೋದ್ರೊಳಗೇ ವಿಂಗಡಿಸೋದೂ ಸೇರಿಕೊಂಡಿದೆ. ಯಂತ್ರ ಸುಲಿಯುತ್ತೆ ನಿಜ, ವಿಂಗಡಿಸೋಕೆ ಮತ್ತೆ ಜನ ಬೇಕು.

ದೊಡ್ಡಪ್ಪ: ಇದೇನ್ ಹೊಸ ಸುದ್ದಿನಾ? ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಬೇರೆ ರೇಟು ಬೀಳೋದು ಯಾತಕ್ಕೆ? ಕಾಯಿ ಹದ ನೋಡಿಯೇ. ಊರಿಗೆಲ್ಲಾ ಗೊತ್ತು.

ಮಗಳು: ಊರಿಗೆಲ್ಲಾ ಗೊತ್ತಿರೋದ್ರಿಂದಲೇ ಯಾರೂ ಬಾಯಿಬಿಟ್ಟು ಹೇಳಲ್ಲ. ಜನರ ಜತೆ ಇದ್ದು, ಅವರು ಮಾಡೋದನ್ನ ನೋಡಿ, ಅವರ ಮಾತಲ್ಲೇ ಅದಕ್ಕೆ ಅರ್ಥ ಹುಡುಕಿ ಬರೆಯೋ ವಿದ್ಯೆನ ಎಥ್ನಾಗ್ರಫಿ ಅಂತಾರೆ.

ದೊಡ್ಡಪ್ಪ: ಪೇಪರಿನಾಗೆ ಬರುತ್ತಲ್ಲ, ಕುಲಶಾಸ್ತ್ರೀಯ ಅಧ್ಯಯನ ಅಂತ? ಯಾವ ಜಾತಿನ ಎಸ್‌ಟಿ ಪಟ್ಟಿಗೆ ಸೇರಿಸಬೇಕು ಅಂತ ಮಾಡಿಸ್ತಾರಲ್ಲ, ಅದಾ?

ಮಗಳು: ಬೇರು ಅದೇ. ಸರ್ಕಾರಕ್ಕೆ ಅದು ಪಟ್ಟಿಗೆ ಬೇಕಾದ ಆಧಾರ. ನಮ್ಮ ಕಡೆ ಅದೇ ವಿದ್ಯೆ ವ್ಯಾಪಾರಕ್ಕೆ ಬಂದಿದೆ. ಬಂದ ಮೇಲೆ ಒಂದೊಂದು ಕಸುಬಿನವರ ಕೈಯಲ್ಲಿ ಒಂದೊಂದು ಥರ ಆಗಿದೆ. ನಮ್ಮ ಆಫೀಸಲ್ಲಿ ಒಂದೇ ಟೇಬಲ್ ಸುತ್ತ ಕೂತವರಲ್ಲೇ ಈ ವಿಷಯದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಹತ್ತಲ್ಲ.

ದೊಡ್ಡಪ್ಪ: ಅವರನ್ನೆಲ್ಲಾ ಇಲ್ಲಿಗೇ ಕರ್ಕೊಂಡು ಬಂದು ಕೂರಿಸು. ಯಾರ್ ಯಾರಿಗೆ ಏನೇನ್ ಕಾಣುತ್ತೆ ಹೇಳು.

ಮಗಳು: ಮೊದಲು ಡಿಸೈನ್ ಮಾಡೋರು. ಅವರ ಕಣ್ಣು ಕೂತ ಎತ್ತರದ ಮೇಲೆ, ಮಡಚಿದ ಮಂಡಿ ಮೇಲೆ, ಕತ್ತಿಯ ಬಾಗಿನ ಮೇಲೆ. ಬಲ್ಬು ಎಲ್ಲಿ ನೇತಾಕಿದಾರೆ, ನೆರಳು ಯಾರ ಕೈ ಮೇಲೆ ಬೀಳುತ್ತೆ, ಬೆರಳಿಗೆ ಅಂಟಿದ ಕಪ್ಪು ಎಷ್ಟು ತೊಳೆದರೂ ಯಾಕೆ ಹೋಗಲ್ಲ, ಇದೆಲ್ಲ ಅವರಿಗೆ ಬೇಕು. ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಲೂಸಿ ಸಚ್‌ಮನ್ ಅಂತ ಮಾನವಶಾಸ್ತ್ರಜ್ಞೆ ಇದ್ದರು. ಕಂಪನಿಯ ಹೊಸ ಕಾಪಿ ಯಂತ್ರ ಬಳಸೋಕೆ ಕಷ್ಟ ಅಂತ ಗಿರಾಕಿಗಳು ದೂರ್ತಿದ್ರು. ಲೂಸಿ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳನ್ನ ಆ ಯಂತ್ರದ ಮುಂದೆ ನಿಲ್ಲಿಸಿ ವಿಡಿಯೊ ತೆಗೆದರು. ಅಂಥ ಪಂಡಿತರೂ ಒದ್ದಾಡಿದ್ರು. ಕೆಲಸಕ್ಕೆ ನಿಂತ ಮನುಷ್ಯ ಯಂತ್ರ ಅಂದುಕೊಂಡ ಕ್ರಮದಲ್ಲಿ ನಡೆಯಲ್ಲ, ಎದುರಿಗೆ ಬಂದದ್ದನ್ನ ನೋಡಿ ನೋಡಿ ಮುಂದಿನ ಹೆಜ್ಜೆ ಇಡ್ತಾನೆ ಅಂತ 1987ರಲ್ಲಿ ಪುಸ್ತಕ ಬರೆದರು. ಡಿಸೈನ್‌ನವರಿಗೆ ಇವತ್ತಿಗೂ ಅದು ಮೂಲ ಪಾಠ.

ದೊಡ್ಡಪ್ಪ: ಸರಿ. ಮಾರೋರಿಗೆ?

ಮಗಳು: ಮಾರ್ಕೆಟಿಂಗ್‌ನವರು ಸುಲಿಯೋರನ್ನ ಅಷ್ಟಾಗಿ ನೋಡಲ್ಲ, ನಿಮ್ಮನ್ನ ನೋಡ್ತಾರೆ. ಯಂತ್ರ ತಗೊಳ್ಳೋದು ಯಾರು ತೀರ್ಮಾನ ಮಾಡ್ತಾರೆ, ಅಪ್ಪನೋ ಮಗನೋ? ಕೈಯಲ್ಲಿ ದುಡ್ಡು ಆಡೋದು ಯಾವ ತಿಂಗಳಲ್ಲಿ? ಪಕ್ಕದ ತೋಟದವರು ತಗೊಂಡ್ರೆ ಇವರೂ ತಗೊಳ್ತಾರಾ? ಅವರಿಗೆ ಎಥ್ನಾಗ್ರಫಿ ಅಂದ್ರೆ ಗಿರಾಕಿ ಬಾಯಲ್ಲಿ ಹೇಳದೆ ಇರೋ ಆಸೆ ಹುಡುಕೋದು.

ದೊಡ್ಡಪ್ಪ: ಒಳ್ಳೇದೇ ಅಲ್ವಾ? ಬೇಕಾದ್ದನ್ನ ತಿಳ್ಕೊಂಡು ಕೊಟ್ರೆ ತಪ್ಪೇನು?

ಮಗಳು: ನಮ್ಮ ರಾಶಿ ಅಡಿಕೆ ಎಲ್ಲಿಗೆ ಹೋಗುತ್ತೆ ದೊಡ್ಡಪ್ಪ?

ದೊಡ್ಡಪ್ಪ: ಉತ್ತರದ ಕಡೆ. ಪಾನ್ ಮಸಾಲದವರಿಗೆ, ಗುಟ್ಕಾದವರಿಗೆ.

ಮಗಳು: ಎಲೆ ಅಡಿಕೆಗೆ ತಟ್ಟೆ ಬೇಕು, ಸುಣ್ಣ ಬೇಕು, ಕೂತು ಮಡಚೋಕೆ ಹೊತ್ತು ಬೇಕು. ಲಾರಿ ಓಡಿಸೋನಿಗೆ ಅಷ್ಟು ಪುರುಸೊತ್ತಿಲ್ಲ ಅನ್ನೋದನ್ನ ಯಾರೋ ಸರಿಯಾಗಿ ನೋಡಿದಾರೆ, ಅದಕ್ಕೇ ಆ ಪ್ಯಾಕೆಟ್ಟು. 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸ್ತು. ತಕ್ಷಣ ಪಾನ್ ಮಸಾಲದ್ದು ಒಂದು, ತಂಬಾಕಿನದು ಒಂದು, ಹೀಗೆ ಜೋಡಿ ಪ್ಯಾಕೆಟ್ ಅಂಗಡಿಗೆ ಬಂತು. ಗಿರಾಕಿ ಹರಿದು ತಾನೇ ಬೆರೆಸಿಕೊಳ್ತಾನೆ ಅಂತ ಮಾರೋರಿಗೆ ಮೊದಲೇ ಗೊತ್ತಿತ್ತು. ಜನರನ್ನ ಅರ್ಥ ಮಾಡಿಕೊಂಡ ಮಾತ್ರಕ್ಕೆ ಜನರಿಗೆ ಒಳ್ಳೇದಾಗುತ್ತೆ ಅಂತೇನಿಲ್ಲ.

ದೊಡ್ಡಪ್ಪ: ಆ ಮಾತು ಬಿಡು, ಊಟ ಹಾಕಿರೋದು ಅದೇ ಅಡಿಕೆ. ಮುಂದೆ ಹೇಳು.

ಮಗಳು: ಮ್ಯಾನೇಜರುಗಳು. ಅವರಿಗೆ ಸುಲಿಯೋರ ಮಾತು ಕಂಡ್ರೆ ಹೊತ್ತು ಹಾಳಾಯ್ತು ಅಂತ ಕಾಣುತ್ತೆ. ಮಾತಾಡದೆ ಸುಲಿದ್ರೆ ಎಷ್ಟಾಗ್ತಿತ್ತು ಅಂತ ಲೆಕ್ಕ ಹಾಕ್ತಾರೆ. ಈ ವಿದ್ಯೆ ಕಾರ್ಖಾನೆಯೊಳಗೆ ಮೊದಲು ಕಾಲಿಟ್ಟದ್ದೂ ಹಾಗೆಯೇ. ಶಿಕಾಗೊ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ ಟೆಲಿಫೋನಿನ ಸಲಕರಣೆ ಮಾಡ್ತಿದ್ರು. 1931-32ರಲ್ಲಿ 14 ಜನ ಕೆಲಸಗಾರರನ್ನ ಒಂದು ಕೋಣೆಯಲ್ಲಿ ಕೂರಿಸಿ, ಅವರ ಜತೆ ಒಬ್ಬ ನೋಡೋನನ್ನ ಕೂರಿಸಿದ್ರು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಜತೆ ಇದ್ದು ಬಂದಿದ್ದ ಲಾಯ್ಡ್ ವಾರ್ನರ್ ಅದಕ್ಕೆ ಸಲಹೆ ಕೊಟ್ಟಿದ್ದರು. ಹೆಚ್ಚು ಮಾಡಿದ್ರೆ ಗುಂಪಿಗೆ ಹೆಚ್ಚು ಕೂಲಿ ಅಂತ ಇತ್ತು. ಆದ್ರೂ ದಿನಕ್ಕೆ ಇಷ್ಟು ಸಾಕು ಅಂತ ಅವರೇ ಒಂದು ಅಳತೆ ಇಟ್ಕೊಂಡಿದ್ರು. ಮೀರಿ ದುಡಿದೋನ ತೋಳಿಗೆ ಗುದ್ದು ಬೀಳ್ತಿತ್ತು.

ದೊಡ್ಡಪ್ಪ: ಅದಕ್ಕೆ ಶಿಕಾಗೊಗೆ ಯಾಕೆ ಹೋಗಬೇಕು? ಇಲ್ಲೂ ಹಂಗೇ ಐತೆ. ವಯಸ್ಸಿನ ಹುಡುಗಿ ಬಂದು ಜೋರಾಗಿ ಸುಲಿಯಾಕೆ ಶುರು ಮಾಡಿದ್ರೆ ದೊಡ್ಡೋರು "ಮೆಲ್ಲಗೆ ಕಣೇ, ನಾಳೇನೂ ಐತೆ" ಅಂತಾರೆ. ಅವಳು ಸುಲಿದಷ್ಟು ಎಲ್ಲಾರೂ ಸುಲೀರಿ ಅಂತ ನಾವೆಲ್ಲಿ ಕೂಲಿ ಇಳಿಸ್ತೀವೋ ಅನ್ನೋ ಭಯ.

ಮಗಳು: ನೋಡಿ, ಇದನ್ನ ನೀವು ಅರ್ಧ ಗಂಟೆಯಲ್ಲಿ ಹೇಳ್ತಿರಲಿಲ್ಲ. ಮಾತಿನ ವಿಷಯಕ್ಕೇ ಬಂದ್ರೆ, ಜೆರಾಕ್ಸಿನಲ್ಲೇ ಜೂಲಿಯನ್ ಓರ್ ಅನ್ನೋರು ರಿಪೇರಿ ಮಾಡೋರ ಹಿಂದೆ ಸುತ್ತಿದ್ರು. ಕೈಪಿಡಿಯಲ್ಲಿಲ್ಲದ ತೊಂದರೆ ಎದುರಾದಾಗ ರಿಪೇರಿಯವರು ಊಟಕ್ಕೆ ಕೂತಾಗ ಒಬ್ಬರಿಗೊಬ್ಬರು ಕಥೆ ಹೇಳಿಕೊಂಡು ಪರಿಹಾರ ಕಂಡ್ಕೊಳ್ತಿದ್ರಂತೆ. 1996ರಲ್ಲಿ ಅದು ಪುಸ್ತಕವಾಯ್ತು. ಮ್ಯಾನೇಜರಿಗೆ ಹರಟೆ ಅನಿಸಿದ್ದರಲ್ಲೇ ಕಸುಬು ಒಬ್ಬರಿಂದ ಒಬ್ಬರಿಗೆ ದಾಟ್ತಿತ್ತು.

ದೊಡ್ಡಪ್ಪ: ಎನ್‌ಜಿಒದವರು ಬರ್ತಿದ್ರಲ್ಲ ಒಂದು ಕಾಲಕ್ಕೆ, ನೆಲದ ಮೇಲೆ ರಂಗೋಲಿ ಪುಡಿಯಾಗೆ ಊರಿನ ನಕ್ಷೆ ಬರೆಸೋರು?

ಮಗಳು: ಅವರದು ಇನ್ನೊಂದು ದಾರಿ. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯವರು 1980ರ ದಶಕದ ಕೊನೆಯಲ್ಲಿ ಅದನ್ನ ಚೆನ್ನಾಗಿ ಬೆಳೆಸಿದ್ರು. ಹೊರಗಿನೋನು ನೋಡಿ ಬರೆಯೋದಕ್ಕಿಂತ ಊರಿನವರೇ ಕಡ್ಡಿ ಹಿಡಿದು ಕೆರೆ ಎಲ್ಲಿ, ಬಡವರ ಮನೆ ಎಲ್ಲಿ ಅಂತ ಬರೀಲಿ ಅನ್ನೋದು. ಅದರ ಗುಣ ಏನಂದ್ರೆ ನಕ್ಷೆ ತಪ್ಪಾದ್ರೆ ಅಲ್ಲೇ ಜಗಳ ಆಗುತ್ತೆ, ಅಲ್ಲೇ ತಿದ್ದುತ್ತಾರೆ. ದೋಷ ಏನಂದ್ರೆ ಒಂದೆರಡು ದಿನದಲ್ಲಿ ಮುಗಿಸೋ ಆತುರ. ಮತ್ತೆ ಕಡ್ಡಿ ಹಿಡಿಯೋದು ಹೆಚ್ಚಾಗಿ ಊರ ಗೌಡರೇ.

ದೊಡ್ಡಪ್ಪ: ನೀನು ಓದಿದ ಶಾಸ್ತ್ರದೋರು?

ಮಗಳು: ಅವರಿಗೆ ಆತುರವೇ ಇರಲ್ಲ, ಕಂಪನಿಗಳಿಗೆ ಅವರ ಮೇಲೆ ಸಿಟ್ಟೂ ಅದಕ್ಕೇ. ನಮ್ಮ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಇದ್ದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಅಂಥವರು ಈ ಕೋಣೆಯಲ್ಲಿ ಕೂತಿದ್ರೆ ಯಾರ ಪಕ್ಕ ಯಾರು ಕೂರ್ತಾರೆ, ಯಾರಿಗೆ ಚಹಾ ಯಾವ ಲೋಟದಲ್ಲಿ ಬರುತ್ತೆ, ಯಾರು ಯಾರಿಗೆ ಅತ್ತೆ ಅಂತಾರೆ, ಹುಡುಗಿ ಪಿಯುಸಿಗೆ ಸೇರಿದ ಮೇಲೆ ಸುಲಿಯೋಕೆ ಬರೋದು ಯಾಕೆ ಬಿಟ್ಟಳು, ಎಲ್ಲಾ ಬರೀತಿದ್ರು. ಯಾವುದು ಉಪಯೋಗ ಅಂತ ಮೊದಲೇ ಆರಿಸಿಕೊಳ್ತಿರಲಿಲ್ಲ.

ದೊಡ್ಡಪ್ಪ: ನೀನು ಏನೇ ಹೇಳು ಕಣವ್ವಾ, ಇದನ್ನೆಲ್ಲ ನಾನು ಓದದೇನೇ ಮಾಡಿದೀನಿ. ಒಂದು ತೋಟ ಖೇಣಿ ಹಿಡಿಯಾಕೆ ಮುಂಚೆ ಮರ ಒಂದೇ ನೋಡ್ತಿದ್ವಿ ಅಂದ್ಕೊಂಡಿಯಾ? ಗೊನೆ ಲೆಕ್ಕದ ಜತೆಗೆ ಆ ಮನೆಯಾಗೆ ಮದುವೆ ಐತಾ, ಕೋರ್ಟ್ ಕೇಸ್ ಐತಾ, ಅಣ್ಣತಮ್ಮ ಪಾಲಾಗ್ತಾರಾ ಅಂತ ತಿಳ್ಕೊಂಡೇ ಹಸಿ ಅಡಿಕೆಗೆ ಇಂತಿಷ್ಟು ಒಣ ಅಡಿಕೆ ಅಂತ ಮಾತು ಮುರೀತಿದ್ದೆ. ಚಹಾ ಕುಡಿಯೋ ನೆಪದಾಗೆ ಹಿತ್ತಲವರೆಗೂ ಹೋಗಿ ಬರ್ತಿದ್ದೆ. ಅದೂ ನಿನ್ನ ಎಥ್ನಾಗ್ರಫಿ ತಾನೆ?

ಮಗಳು: ನೋಡೋದರಲ್ಲಿ ನೀವು ನಮಗಿಂತ ಚುರುಕು. ಆದ್ರೆ ಮದುವೆ ಇದೆ ಅಂತ ಗೊತ್ತಾದ ಮೇಲೆ ನೀವು ನೋಡೋದು ನಿಲ್ಲಿಸ್ತಿದ್ರಿ. ರೇಟು ಕುದುರಿಸೋಕೆ ಅಷ್ಟು ಸಾಕು.

ದೊಡ್ಡಪ್ಪ: ನಿಮ್ಮ ಕಂಪನಿ ನಿಲ್ಲಿಸಲ್ವಾ?

ಮಗಳು: ನಿಲ್ಲಿಸುತ್ತೆ. ಎಲ್ಲ ಕಸುಬಿನವರೂ ಒಂದೊಂದು ಕಡೆ ನಿಲ್ಲಿಸ್ತಾರೆ. ಡಿಸೈನ್‌ನವರು ಯಂತ್ರದ ಆಕಾರ ಹೊಳೆದ ಕಡೆ, ಮಾರ್ಕೆಟಿಂಗ್‌ನವರು ಗಿರಾಕಿ ಸಿಕ್ಕ ಕಡೆ, ಮ್ಯಾನೇಜರು ಸೋರಿಕೆ ಕಂಡ ಕಡೆ. ನಮ್ಮ ಆಫೀಸಿನ ಜಗಳ ಎಲ್ಲ ಅದೇ. ಒಬ್ಬರಿಗೆ ಸಾಕು ಅನಿಸಿದ್ದು ಇನ್ನೊಬ್ಬರಿಗೆ ಇನ್ನೂ ಶುರುವೇ ಆಗಿರಲ್ಲ.

ದೊಡ್ಡಪ್ಪ: ಇದೆಲ್ಲ ಶುರು ಮಾಡಿದ್ದೇ ವ್ಯಾಪಾರದೋರು ಅಂತ ನನಗೆ ಅನುಮಾನ.

ಮಗಳು: ನಮ್ಮ ಸೀಮೆ ಮಟ್ಟಿಗೆ ಆ ಅನುಮಾನ ಪೂರ್ತಿ ತಪ್ಪಲ್ಲ. 1799ರಲ್ಲಿ ಟಿಪ್ಪು ಬಿದ್ದ. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಮದ್ರಾಸಿನಿಂದ ಈ ಕಡೆ ಕಳಿಸಿದ. ಮೈಸೂರು, ಕನ್ನಡ ಜಿಲ್ಲೆ, ಮಲಬಾರ್ ಸುತ್ತಿ ಬೆಳೆ, ಕೈಕಸುಬು, ವ್ಯಾಪಾರ, ಜನರ ಆಚಾರ ಎಲ್ಲಾ ಬರೆದುಕೊಂಡ. 1807ರಲ್ಲಿ ಮೂರು ಸಂಪುಟ ಬಂತು. ಕಳಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಇವತ್ತು ನಮ್ಮ ಇತಿಹಾಸಕಾರರು ಆ ಕಾಲದ ಬೇಸಾಯ ತಿಳಿಯೋಕೆ ಅದೇ ಪುಸ್ತಕ ತೆಗೀತಾರೆ. ಕಂಪನಿಗೆ ಬೇಕಾಗಿದ್ದಕ್ಕಿಂತ ಹೆಚ್ಚು ಬರೆದಿದ್ದರಿಂದ ಅದು ಉಳೀತು.

ದೊಡ್ಡಪ್ಪ: ಕಂಪನಿ ನಮ್ಮನ್ನ ನೋಡುತ್ತೆ. ಕಂಪನಿನ ನೋಡೋರು ಯಾರು?

ಮಗಳು: ಅದೂ ಆಗಿದೆ. ಬೆಂಗಳೂರಿನ ಎನ್‌ಐಎಎಸ್ ಸಂಸ್ಥೆಯಲ್ಲಿ ಕ್ಯಾರಲ್ ಉಪಾಧ್ಯ ಮತ್ತೆ ಎ. ಆರ್. ವಾಸವಿ ಸಾಫ್ಟ್‌ವೇರ್ ಕಂಪನಿಗಳ ಕೆಲಸವನ್ನೇ ಅಧ್ಯಯನ ಮಾಡಿದ್ರು. 2008ರಲ್ಲಿ ಅವರು ಸಂಪಾದಿಸಿದ ಪುಸ್ತಕ ಬಂತು. ವಾಸವಿ ಅದಕ್ಕೂ ಮುಂಚೆ ಬಿಜಾಪುರದ ರೈತರ ನಡುವೆ ಇದ್ದವರು. ಬರಗಾಲದ ಹೊಲ ನೋಡಿದ ಕಣ್ಣಲ್ಲೇ ಗಾಜಿನ ಕಟ್ಟಡವನ್ನೂ ನೋಡಬಹುದು.

ದೊಡ್ಡಪ್ಪ: ನೋಡೋದರಿಂದ ವ್ಯಾಪಾರಕ್ಕೆ ನಿಜವಾಗಿ ದಾರಿ ಬದಲಾಗಿದ್ದು ಒಂದಾದ್ರೂ ಹೇಳು. ಬರೀ ಪುಸ್ತಕ ಆಯ್ತಲ್ಲ.

ಮಗಳು: ಮೈಕ್ರೋಸಾಫ್ಟ್‌ನವರು 2005ರಲ್ಲಿ ಬೆಂಗಳೂರಲ್ಲಿ ಸಂಶೋಧನಾ ಕೇಂದ್ರ ತೆರೆದರು. ಅಲ್ಲಿಯವರು ಹಳ್ಳಿ ಶಾಲೆಗಳಿಗೆ ಹೋದಾಗ ಒಂದು ಕಂಪ್ಯೂಟರ್ ಸುತ್ತ ಮಕ್ಕಳು ಮುತ್ತಿಕೊಂಡಿದ್ದು ಕಂಡರು. ಮೌಸು ಮಾತ್ರ ಒಬ್ಬನ ಕೈಯಲ್ಲಿ, ಜೋರಿರೋ ಹುಡುಗನ ಕೈಯಲ್ಲಿ. ಉಳಿದವರು ಹಿಂದೆ ನಿಂತು ಇಣುಕೋರು. ಇನ್ನಷ್ಟು ಕಂಪ್ಯೂಟರ್ ಕೊಡಿಸೋದು ಹೇಗೆ ಅಂತ ಎಲ್ಲರೂ ಕೇಳ್ತಿದ್ರು. ಇವರು ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಸಿಕ್ಕಿಸಿ, ಒಂದೊಂದು ಮಗುವಿಗೆ ಒಂದೊಂದು ಬಣ್ಣದ ಬಾಣ ಕೊಟ್ರು. ಹೋಗುವಾಗ ಇದ್ದ ಪ್ರಶ್ನೆ ಬರುವಾಗ ಬದಲಾಗಿತ್ತು. ನನಗೆ ಈ ವಿದ್ಯೆಯಲ್ಲಿ ಬೇಕಾಗಿರೋದು ಅದೇ. ನೋಡೋಕೆ ಎಲ್ಲರಿಗೂ ಬರುತ್ತೆ. ತಂದ ಪ್ರಶ್ನೆಯನ್ನ ಇಲ್ಲೇ ಕೆಳಗಿಟ್ಟು ಬೇರೆ ಪ್ರಶ್ನೆ ಎತ್ತಿಕೊಂಡು ಹೋಗೋ ಧೈರ್ಯ ಎಲ್ಲ ಕಸುಬಿನವರಿಗೂ ಇರಲ್ಲ. ಅವರನ್ನ ಕಳಿಸಿದವರು ಅದಕ್ಕೆ ಬಿಡೋದೂ ಇಲ್ಲ.

ದೊಡ್ಡಪ್ಪ: ಇಲ್ಲಿ ನಿನ್ನ ಪ್ರಶ್ನೆ ಬದಲಾಯ್ತಾ?

ಮಗಳು: ಬದಲಾಯ್ತು. ಸ್ಕಾರ್ಲೆಟ್ ಎಪ್‌ಸ್ಟೀನ್ ಅಂತ ಒಬ್ಬರು 1950ರ ದಶಕದಲ್ಲಿ ಮಂಡ್ಯ ಕಡೆ ಎರಡು ಹಳ್ಳಿಗಳಲ್ಲಿ ಇದ್ದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದು ಒಣಗಿತ್ತು. ನೀರು ಬಂದ ಊರು ಕಬ್ಬು ಹಾಕಿ ಹಣ ಕಂಡಿತು. ಆದ್ರೆ ಒಡೆಯ, ಆಳು, ಹಬ್ಬ, ಹಕ್ಕು ಎಲ್ಲಾ ಹೆಚ್ಚುಕಡಿಮೆ ಹಳೇ ಥರವೇ ನಡೆದವು. ಒಣ ಊರಿನವರು ಗಾಡಿ, ಗಿರಣಿ, ಪೇಟೆ ಕೆಲಸ ಅಂತ ಹೊರಗೆ ಹೋದರು. ಬದಲಾವಣೆ ಅಲ್ಲಿ ಜಾಸ್ತಿ ಆಯ್ತು. 1962ರಲ್ಲಿ ಪುಸ್ತಕ ಬಂತು. ಅದನ್ನ ಓದಿದ್ದರಿಂದ ಇಲ್ಲಿ ಕೂತಾಗ ನನ್ನ ಗಮನ ಆ ಕಡೆ ಹೋಯ್ತು. ಭದ್ರಾ ನಾಲೆ ಬಂದ ಈ ಸೀಮೆಯಲ್ಲಿ ಅಡಿಕೆ ಬಂತು, ದುಡ್ಡು ಬಂತು. ಜಗಳೂರು ಕಡೆಯಂಥ ಒಣ ಸೀಮೆಯವರು ಕೂಲಿಗೆ ದೂರ ಹೋಗ್ತಾರೆ. ನಮ್ಮಲ್ಲಿ ಸುಲಿಯೋರಿಗೂ ಸುಲಿಸೋರಿಗೂ ಇರೋ ಸಂಬಂಧ ಎಷ್ಟು ಬದಲಾಗಿದೆ ಅಂತ ನೋಡ್ತಿದ್ದೆ. ಆಗ ಮೂಲೆಯಲ್ಲಿದ್ದ ಆ ಅಜ್ಜಿ ನನ್ನನ್ನೇ ಕೇಳಿದ್ರು, "ಯಂತ್ರ ಬಂದ್ರೆ ಮುಂಗಡ ಯಾರ್ ಕೊಡ್ತಾರವ್ವಾ?" ಅಂತ.

ದೊಡ್ಡಪ್ಪ: ಕೊಟ್ಟಿದೀನಿ. ಶ್ರಾವಣಕ್ಕೆ ಮುಂಚೆ ಕೈಯಾಗೆ ಕಾಸಿಲ್ಲದಾಗ ಮಕ್ಕಳ ಫೀಸಿಗೆ, ಆಸ್ಪತ್ರೆಗೆ ಅಂತ ಬಾಗಿಲಿಗೆ ಬರೋರು. ಸುಗ್ಗಿಯಾಗೆ ಸುಲಿದು ತೀರಿಸೋರು. ಒಂದು ಪೈಸೆ ಬಡ್ಡಿ ಹಿಡಿದಿಲ್ಲ.

ಮಗಳು: ಬಡ್ಡಿ ಹಿಡಿದಿಲ್ಲ. ಆದ್ರೆ ಮುಂಗಡ ತಗೊಂಡೋರು ಪಕ್ಕದ ಮನೆಯವರು ಎರಡು ರೂಪಾಯಿ ಜಾಸ್ತಿ ಕೊಡ್ತೀವಿ ಅಂದ್ರೂ ಹೋಗೋ ಹಾಗಿರಲಿಲ್ಲ.

ದೊಡ್ಡಪ್ಪ: ...ಹೋಗಬಾರದು ಅಂತ ನಾನು ಹೇಳಿಲ್ಲ.

ಮಗಳು: ಹೇಳಬೇಕಾಗೇ ಇರಲಿಲ್ಲ. ನಿಮ್ಮನ್ನ ದೂರ್ತಿಲ್ಲ ದೊಡ್ಡಪ್ಪ. ಕಿರುಸಾಲದ ಕಂಪನಿಗಳ ವಸೂಲಿ ಕಾಟ ತಾಳಲಾರದೆ ಜನ ಊರು ಬಿಟ್ಟು, 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತಲ್ಲ. ಅವರ ಮುಂದೆ ನಿಮ್ಮ ಮುಂಗಡ ಎಷ್ಟೋ ಮೇಲು ಅಂತ ಆ ಅಜ್ಜಿಯೇ ಅಂದ್ರು. ನಾನು ಹೇಳೋದು ಇಷ್ಟೇ. ಈ ಕೋಣೆಯಲ್ಲಿ ಅಡಿಕೆ ಸುಲಿಯೋದರ ಜತೆಗೆ ಸಾಲದ ವ್ಯವಹಾರವೂ ನಡೀತಿದೆ. ಯಂತ್ರ ಒಂದನ್ನ ತೆಗೆದು ಇನ್ನೊಂದನ್ನ ಹಾಗೇ ಬಿಡೋಕಾಗಲ್ಲ. ಗಂಟೆಗೆ ಎಷ್ಟು ಕೆಜಿ ಅಂತ ಕೇಳಿದ ಕಂಪನಿಗೆ ಇದನ್ನ ಹೇಗೆ ಬರೆಯೋದು?

ದೊಡ್ಡಪ್ಪ: ಬರೀಬೇಡ. ಅವರು ಕೇಳಿದ್ದಕ್ಕೆ ಉತ್ತರ ಬರೆದು ಸಂಬಳ ತಗೋ.

ಮಗಳು: ಬರೆದರೂ ವರದಿ ಹಂಚಿಹೋಗುತ್ತೆ. ಹೆಬ್ಬೆರಳಿನ ಪುಟ ಡಿಸೈನ್‌ನವರಿಗೆ, ಯಾರು ಕೊಳ್ತಾರೆ ಅನ್ನೋ ಪುಟ ಮಾರ್ಕೆಟಿಂಗ್‌ಗೆ. ಮುಂಗಡದ ಪುಟಕ್ಕೆ ಮಾತ್ರ ವಾರಸುದಾರರಿಲ್ಲ. ಅದಕ್ಕೇ ಅದನ್ನ ಮೊದಲನೇ ಪುಟದಲ್ಲಿ ಹಾಕಬೇಕು ಅಂತಿದೀನಿ. ಯಂತ್ರವನ್ನ ಬೆಳೆಗಾರನಿಗೆ ಮಾರೋ ಬದಲು ಸುಲಿಯೋರ ಸ್ವಸಹಾಯ ಸಂಘಕ್ಕೆ ಮಾರೋ ದಾರಿ ನೋಡಿ ಅಂತ.

ದೊಡ್ಡಪ್ಪ: ಕೊನೆಗೆ ನೀನೂ ಮಾರೋ ಮಾತಿಗೇ ಬಂದೆ.

ಮಗಳು: ವ್ಯಾಪಾರಕ್ಕೆ ಕಳಿಸಿದವರಿಗೆ ವ್ಯಾಪಾರದ ಮಾತಲ್ಲೇ ಹೇಳಬೇಕು. ಬೇರೆ ಭಾಷೆ ಅವರು ಓದಲ್ಲ. ಅದಕ್ಕೊಂದು ಸಹಾಯ ಬೇಕು. ನಿಮ್ಮ ಹಳೇ ಮುಂಗಡದ ಲೆಕ್ಕದ ಪುಸ್ತಕ ಇದ್ಯಲ್ಲ, ಒಂದ್ಸಲ ನೋಡಬಹುದಾ? ಹೆಸರು ಯಾರದ್ದೂ ಬರೆಯಲ್ಲ.

ದೊಡ್ಡಪ್ಪ: ಹೆಸರು ಬರೀದೇ ಇದ್ರೆ ಆಯ್ತಾ? ಈ ಊರಾಗೆ ಎಲ್ಲಿ ಕೂತೋರು ಯಾರು ಅಂತ ಹೇಳಿದ್ರೆ ಸಾಕು, ಹೆಸರು ಜನರೇ ಹಾಕ್ಕೊಳ್ತಾರೆ. ಪುಸ್ತಕ ಕೊಡ್ತೀನಿ, ಒಂದು ಮಾತಿನ ಮೇಲೆ. ನೀನು ಬರೆದದ್ದನ್ನ ಕಂಪನಿಗೆ ಕಳಿಸಾಕೆ ಮುಂಚೆ ಇಲ್ಲಿ ಕನ್ನಡದಾಗೆ ಓದಬೇಕು, ನನ್ನ ಮುಂದೆ, ಆ ಹೆಂಗಸರ ಮುಂದೆ. ತಪ್ಪಿದ್ರೆ ಹೇಳ್ತೀವಿ. ಬ್ಯಾಡ ಅಂದದ್ದನ್ನ ತೆಗೀಬೇಕು.

ಮಗಳು: ಕಂಪನಿಯ ಒಪ್ಪಂದದಲ್ಲಿ ವರದಿ ಹೊರಗಿನವರಿಗೆ ತೋರಿಸೋ ಹಾಗಿಲ್ಲ.

ದೊಡ್ಡಪ್ಪ: ಹೊರಗಿನೋರು ಯಾರು? ವರದಿ ತುಂಬಾ ಇರೋರು ಅವರೇ.

ಮಗಳು: ಒಪ್ಪಂದದಲ್ಲಿ ಹಾಗೆ ಬರೆದಿಲ್ಲ ದೊಡ್ಡಪ್ಪ.

ದೊಡ್ಡಪ್ಪ: ತಿದ್ದಿಸ್ಕೊಂಡು ಬಾ. ನಾನೂ ತೋಟದೋರ ಜತೆ ಎಷ್ಟೋ ಸಲ ಮಾತು ತಿದ್ದಿಕೊಂಡೇ ಖೇಣಿ ಮಾಡಿದೀನಿ. ಇನ್ನೊಂದು ಕೊಯ್ಲು ಬಾಕಿ ಐತೆ, ಅಷ್ಟರೊಳಗೆ ಬಂದ್ರೆ ಸುಲಿಯೋರೆಲ್ಲ ಇಲ್ಲೇ ಸಿಗ್ತಾರೆ.